ಗೆದ್ದ ಕಡೆಗೆ ಎತ್ತಿದ ಕೈ

ಬೆಳಿಗ್ಗೆ ಎದ್ದು ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕದಡಿದೆ. ಅಕ್ಕಿ ತೊಳೆದ ನೀರನ್ನು ಅಬ್ಬಲಿಗೆ ಗಿಡಕ್ಕೆ ಹೊಯ್ದೆ. ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಮಾತ್ರೆಯ ಡಬ್ಬಿಯನ್ನು ಅವರ ಕೈಗೆ ಸಿಗುವಲ್ಲಿ ಇಟ್ಟೆ. ಬಾಗಿಲಿಗೆ ಬಂದ ಮೀನಿನವಳಿಗೆ ಇವತ್ತು ಬೇಡ ಎಂದೆ. ಸೋಮವಾರವೂ ಅಲ್ಲ, ಸಂಕಷ್ಟಿಯೂ ಅಲ್ಲ ಎಂದು ಗೊಣಗುತ್ತ ಅವಳು ಬುಟ್ಟಿ ಎತ್ತಿಕೊಂಡು ಹೋದಳು. ನಿನ್ನೆ ಕದ್ವಾಡದಿಂದ ಬಂದಿದ್ದ ನಾಟಿ ಮಾವಿನ ಹಣ್ಣುಗಳಲ್ಲಿ ಅರ್ಧವನ್ನು ಕೈಚೀಲಕ್ಕೆ ತುಂಬಿದೆ. ಬಸ್ಸು ಹಿಡಿದು ಅಂಕೋಲೆಗೆ ಹೋದೆ. ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಒಪ್ಪಿಸಿದೆ. ಮಧ್ಯಾಹ್ನ ಅಧ್ಯಾಪಕರ ಸಭೆಯಲ್ಲಿ ಕೈ ಎತ್ತಿದೆ. ಸಂಜೆ ಬರುವಾಗ ಒಂದು ತೆಂಗಿನಕಾಯಿ ತಂದೆ.

ಇವುಗಳಲ್ಲಿ ಕೈ ಎತ್ತಿದ್ದೊಂದನ್ನು ಬಿಟ್ಟು ಉಳಿದ ಯಾವುದನ್ನು ಯಾಕೆ ಮಾಡಿದೆ ಎಂದು ಕೇಳಿದರೂ ಹೇಳಬಲ್ಲೆ.

ಕೈ ಎತ್ತುವುದು ಎಂದರೆ ನನ್ನ ಕಣ್ಣ ಮುಂದೆ ಬರುವುದು ಒಂದೇ ಕೈ, ಮಾಸ್ತರರದು. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಅರಿಸಿನದಲ್ಲಿ ಅದ್ದಿ ತೆಗೆದ ಹಾಗೆ ಹಳದಿ. ಅದು ಪ್ರಯೋಗಾಲಯದ ನೈಟ್ರಿಕ್ ಆಮ್ಲದ ಕಲೆ. ಚರ್ಮ ಸುಲಿದು ಹೊಸತು ಬರುವಷ್ಟರಲ್ಲಿ ಅವರು ಇನ್ನೊಂದು ಸೀಸೆಯ ಬಿರಡೆ ತೆಗೆದು ಮತ್ತೆ ಹಳದಿ ಮಾಡಿಕೊಂಡಿರುತ್ತಿದ್ದರು. ಯಾವುದೋ ಮದುವೆ ಮನೆಯಲ್ಲಿ ಆ ಬೆರಳು ನೋಡಿದವರೊಬ್ಬರು ಇವರನ್ನು ಅಡುಗೆಯವರೆಂದು ತಿಳಿದು, ಪಾಯಸ ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿದ್ದರಂತೆ. ಇವರು ಬಗ್ಗಿ ಪಂಕ್ತಿಯ ಉದ್ದ ನೋಡಿ, "ಇನ್ನೊಂದು ಪಂಕ್ತಿಗೆ ತೊಂದ್ರೆ ಇಲ್ಲ" ಎಂದುಬಿಟ್ಟರಂತೆ.

ಸಭೆಯಲ್ಲಿ ಅವರು ಕೈಯನ್ನು ಪೂರ್ತಿ ಎತ್ತುತ್ತಿರಲಿಲ್ಲ. ಮೊಣಕೈ ಮೇಜಿನ ಮೇಲೆಯೇ ಇರುತ್ತಿತ್ತು. ಮುಂಗೈ ಮಾತ್ರ ನಿಲ್ಲಿಸಿ, ಕಂಡಕ್ಟರನಿಗೆ ಚಿಲ್ಲರೆ ಚಾಚುವವರ ಹಾಗೆ ಎರಡು ಬೆರಳು ಸೇರಿಸುತ್ತಿದ್ದರು. ಆ ಹಳದಿ ತುದಿಗಳು ಕಂಡರೆ ಪ್ರಾಂಶುಪಾಲರು ಒಂದು ಮತ ಎಂದು ಲೆಕ್ಕ ಹಿಡಿಯುತ್ತಿದ್ದರು.

ಅವರು ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು. ಬಾಗಿಲ ಮೇಲಿನ ಹಲಗೆಯಲ್ಲಿ ಪ್ರೊಫೆಸರ್ ಎಂದು ಬರೆದಿದ್ದರೂ ಎಲ್ಲರ ಬಾಯಲ್ಲೂ ಮಾಸ್ತರರು. ಮನೆ ಕದ್ವಾಡದಲ್ಲಿ. ನಾನು ಇತಿಹಾಸ ಕಲಿಸಲು ಸೇರಿದ ಹೊಸತರಲ್ಲಿ ಕಾರವಾರದಿಂದ ಅಂಕೋಲೆಗೆ ನಮ್ಮಿಬ್ಬರದೂ ಒಂದೇ ಬಸ್ಸು. ಅವರು ಯಾವಾಗಲೂ ಗುಡ್ಡದ ಬದಿಯ ಸೀಟಿನಲ್ಲಿಯೇ ಕೂರುತ್ತಿದ್ದರು. ಸಮುದ್ರದ ಬದಿ ಖಾಲಿ ಇದ್ದರೂ ಅತ್ತ ಹೋಗುತ್ತಿರಲಿಲ್ಲ. "ಬೆಳಿಗ್ಗೆ ಬೆಳಿಗ್ಗೆ ಸಮುದ್ರ ನೋಡಿದ್ರೆ ಪಾಠ ಮಾಡೂಕೆ ಮನಸ್ಸು ಬರೂದಿಲ್ಲ ಬಾಯಿ. ಬರುವಾಗ ನೋಡ್ವಾ" ಎನ್ನುತ್ತಿದ್ದರು. ಬರುವಾಗಲೂ ಗುಡ್ಡದ ಬದಿಯಲ್ಲಿಯೇ ಕೂತು ನಿದ್ದೆ ಹೋಗುತ್ತಿದ್ದರು.

ಬಸ್ಸಿನಲ್ಲಿ ನಾನು ಬಾಯಿ, ನಮ್ಮ ಕಡೆ ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಹಾಗೆ. ಕಾಲೇಜಿನ ಗೇಟು ದಾಟಿದ ಕೂಡಲೇ ಮೇಡಂ. ಬಸ್ಸಿನಲ್ಲಿ 'ನೀ' ಎಂದವರೇ ಸಭೆಯಲ್ಲಿ 'ತಾವು' ಎನ್ನುತ್ತಿದ್ದರು. ಮೊದಮೊದಲು ನನಗೆ ಇವರು ಸಿಟ್ಟಾಗಿದ್ದಾರೆಯೇ ಎಂದು ಅನ್ನಿಸುತ್ತಿತ್ತು. ಸಂಜೆ ಬಸ್ಸು ಹತ್ತಿದ ಮೇಲೆ ಮತ್ತೆ "ಬಾಯಿ, ಡಬ್ಬಿಯಲ್ಲಿ ಎಂತದರೂ ಉಳಿದದೆಯಾ?" ಎಂದಾಗ ಸಮಾಧಾನವಾಗುತ್ತಿತ್ತು.

ನಮ್ಮ ಕಾಲೇಜಿನಲ್ಲಿ ಆಗ ಸಭೆಗಳೆಂದರೆ ಸಭೆಗಳು. ಘಟ್ಟದ ಮೇಲಿನ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬರುವುದು, ನಾವು ಕೂತು ಅದನ್ನು ಓದುವುದು, ಅರ್ಥವಾಗದೆ ಮತ್ತೆ ಓದುವುದು. ವರ್ಷಕ್ಕೊಂದು ಪರೀಕ್ಷೆ ಎಂದವರು ಎರಡು ಎನ್ನುತ್ತಿದ್ದರು. ಎರಡಕ್ಕೆ ನಾವು ಹೊಂದಿಕೊಳ್ಳುವಷ್ಟರಲ್ಲಿ ಅಂಕ ಕೊಡುವ ಪದ್ಧತಿಯೇ ಬೇರೆಯಾಗುತ್ತಿತ್ತು. ಇತ್ತೀಚೆಗಂತೂ ಪದವಿಗೆ ಮೂರು ವರ್ಷವೋ ನಾಲ್ಕು ವರ್ಷವೋ ಎಂದು ಮಕ್ಕಳ ತಂದೆತಾಯಿ ಕೇಳಿದರೆ, ಸ್ವಲ್ಪ ತಡೆಯಿರಿ ಎಂದು ನಾವೇ ಹೇಳಿದ್ದುಂಟು. ಆಗಿನ ಸಭೆಗಳಲ್ಲಿ ಎಲ್ಲರೂ ಸುತ್ತೋಲೆಯ ಭಾಷೆ ಹಿಡಿದು ಜಗ್ಗಾಡುತ್ತಿದ್ದರೆ ಮಾಸ್ತರರು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇದ್ರಿಂದ ಮಕ್ಕಳು ಎಷ್ಟೊತ್ತಿಗೆ ಮನೆ ಮುಟ್ತಾರೆ?"

ಅಂಕಪಟ್ಟಿಯ ಬಣ್ಣದ ವಿಚಾರ ಬಂದರೂ ಅದೇ ಪ್ರಶ್ನೆ. ನಮಗೆ ನಗು ಬರುತ್ತಿತ್ತು. ಭೌತಶಾಸ್ತ್ರದ ಸರ್ ಒಮ್ಮೆ, "ಮಾಸ್ತರೆ, ನೀವು ಕೆಎಸ್ಸಾರ್ಟೀಸಿಯಲ್ಲಿ ಇರಬೇಕಾದವ್ರು" ಎಂದರು. "ಅರ್ಜಿ ಹಾಕಿದ್ದೆ, ಎತ್ತರ ಸಾಲ್ಲಿಲ್ಲ" ಎಂದು ಮಾಸ್ತರರು ಮುಖ ಗಂಭೀರ ಮಾಡಿಕೊಂಡೇ ಹೇಳಿದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇ ತಿಂಗಳ ಸಭೆಗೆ ಅವರು ಹಿತ್ತಲಿನ ಮಾವಿನ ಹಣ್ಣು ತರುತ್ತಿದ್ದರು. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದು, ನಾರು ಹೆಚ್ಚು, ಕಾಯಿ, ಸಾಸಿವೆ ಅರೆದು ಹಾಕಿ ಮಾಡುವ ನಮ್ಮ ಕಡೆಯ 'ಸಾಸಿವೆ'ಗೆ ಹೇಳಿ ಮಾಡಿಸಿದ ಹಣ್ಣು. ಹಂಚುವುದರಲ್ಲಿ ಅವರದೊಂದು ಪದ್ಧತಿ ಇತ್ತು. ಆ ದಿನ ಸಭೆಯಲ್ಲಿ ಯಾರು ಅವರ ಮಾತಿಗೆ ಎದುರು ಹೇಳಿದರೋ ಅವರಿಗೆ ಮೊದಲು, ಅವರಿಗೇ ಹೆಚ್ಚು. ಒಪ್ಪಿದವರಿಗೆ ಉಳಿದದ್ದು. ಹಣ್ಣಿನ ಆಸೆಗೆ ಸುಮ್ಮಸುಮ್ಮನೆ ವಿರೋಧಿಸುವವರೂ ಇದ್ದರು. ಅವರಿಗೂ ಕೊಡುತ್ತಿದ್ದರು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಮಗಳು ಆಗ ಬಾಲವಾಡಿಗೆ ಹೋಗುತ್ತಿದ್ದಳು. ಮಾವನವರು ಹಾಸಿಗೆ ಹಿಡಿದಿದ್ದರು. ಆ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದಿಂದ ಬಂದ ಸುತ್ತೋಲೆಯ ಸಾರ ಇಷ್ಟು: ವಿದ್ಯಾರ್ಥಿಗಳು ಕಡಿಮೆ ಇರುವ ವಿಷಯಗಳನ್ನು ಮುಚ್ಚಬಹುದು, ಯಾವುದನ್ನು ಮುಚ್ಚಬೇಕೆಂದು ಆಯಾ ಕಾಲೇಜಿನ ಅಧ್ಯಾಪಕರೇ ತೀರ್ಮಾನಿಸಬೇಕು. ಇತಿಹಾಸ ತೆಗೆದುಕೊಂಡವರು ಮೊದಲ ಎರಡು ಬೆಂಚಿಗೂ ಸಾಲುತ್ತಿರಲಿಲ್ಲ. ವಿಷಯ ಹೋದರೆ ನಾನೂ ಹೋಗಬೇಕಿತ್ತು, ಅದೇ ಆಡಳಿತ ಮಂಡಳಿಯ ಘಟ್ಟದ ಮೇಲಿನ ಇನ್ನೊಂದು ಕಾಲೇಜಿಗೆ. ದಿನವೂ ಹೋಗಿ ಬರುವ ದೂರವಲ್ಲ. ಮನೆ ಬಿಟ್ಟು ಇರಬೇಕು, ಇಲ್ಲವೇ ಕೆಲಸ ಬಿಡಬೇಕು.

ಸಭೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಮಾಸ್ತರರು ನನ್ನ ಮುಖ ನೋಡಿ, "ನಿದ್ದೆ ಆಗ್ಲಿಲ್ಲ ಕಾಣ್ತದೆ" ಎಂದರು.

"ಹ್ಯಾಂಗೆ ಆಗ್ತದೆ ಮಾಸ್ತರೆ? ನಾ ಘಟ್ಟ ಹತ್ತಿದ್ರೆ ಮಾವನೋರನ್ನ ಯಾರು ನೋಡೂದು? ಸಣ್ಣದನ್ನ ಎಲ್ಲಿ ಬಿಡೂದು?"

"ಅದಕ್ಕೆ ಇಷ್ಟು ಹೆದರೂದು ಎಂತಕ್ಕೆ ಬಾಯಿ? ನಾನಿಲ್ವಾ?"

ಆ ಒಂದು ಮಾತಿಗೆ ನನಗೆ ಹಸಿವಾಯಿತು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಬಸ್ಸಿನಲ್ಲಿಯೇ ಡಬ್ಬಿ ಬಿಚ್ಚಿ ಎರಡು ದೋಸೆ ತಿಂದೆ, ಅವರಿಗೂ ಒಂದು ಕೊಟ್ಟೆ.

ಮಧ್ಯಾಹ್ನ ಪ್ರಾಂಶುಪಾಲರು ಸುತ್ತೋಲೆ ಓದಿದರು. ಇತಿಹಾಸ ವಿಷಯವನ್ನು ಮುಂದಿನ ವರ್ಷದಿಂದ ನಿಲ್ಲಿಸುವುದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಬೇಕು ಎಂದರು. ಒಂದೊಂದಾಗಿ ಕೈಗಳು ಎದ್ದವು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಮಾಸ್ತರರತ್ತ ನೋಡಿದೆ. ಅವರು ಕಿಟಕಿಯ ಹೊರಗೆ ಎಲ್ಲಿಯೋ ನೋಡುತ್ತಿದ್ದರು. ಎಲ್ಲರದೂ ಆದ ಮೇಲೆ, ಇನ್ನು ಮುಗಿಯಿತು ಎನ್ನುವಾಗ, ಮೇಜಿನ ಮೇಲೆ ಮೊಣಕೈ ಊರಿ ಅವರ ಮುಂಗೈ ನಿಧಾನ ನಿಂತಿತು. ಎರಡು ಹಳದಿ ಬೆರಳು.

ಸಭೆ ಮುಗಿದು ಹಣ್ಣು ಹಂಚುವಾಗ ಮೊದಲು ನನ್ನ ಮೇಜಿಗೆ ಬಂದರು. ನನಗೇ ಹೆಚ್ಚು ಕೊಟ್ಟರು. "ತಗೊಳ್ಳಿ ಮೇಡಂ" ಎಂದರು. ಅವತ್ತು ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ ಮುಂದೆ ಹೋಗಿ ಕೂತೆ.

ಮನೆಯಲ್ಲಿ ಅತ್ತೆ ಆ ಹಣ್ಣಿನ ಸಾಸಿವೆ ಮಾಡಿದರು. ನಾನು ಮುಟ್ಟಲಿಲ್ಲ. "ಹಣ್ಣು ಎಂತ ಮಾಡಿತು ನಿಂಗೆ?" ಎಂದರು ಅತ್ತೆ. ಇವರು, ನನ್ನ ಯಜಮಾನರು, ಮಾತ್ರ ಬಟ್ಟಲು ಬಾಚಿ ತಿಂದು, "ಬಸ್ಸಲ್ಲಿ ಒಂದು ಮಾತು, ಬಾಗ್ಲು ಹಾಕಿದ ಮೇಲೆ ಒಂದು ಮಾತು. ಇಂಥವ್ರನ್ನ ನಂಬಿ ಕೂತ್ಯಲ್ಲ" ಎಂದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ತಲೆಯೇ ಓಡುತ್ತಿರಲಿಲ್ಲ. ವಿರೋಧಿಯೇ ಆಗಿದ್ದರೆ ಬೆಳಿಗ್ಗೆ ಹಾಗೆ ಯಾಕೆ ಹೇಳಬೇಕು? ನನ್ನ ಕಡೆಯವರೇ ಆಗಿದ್ದರೆ ಕೈ ಯಾಕೆ ಎತ್ತಬೇಕು? ಅವರ ಕೈ ಇಲ್ಲದಿದ್ದರೂ ನಾನು ಸೋಲುತ್ತಿದ್ದೆ. ಆ ಕೈ ಬೇಕಾಗಿಯೇ ಇರಲಿಲ್ಲ.

ಮುಂದಿನ ಕೆಲವು ದಿನ ಅವರು ಸಂಜೆ ನಮ್ಮ ಬಸ್ಸಿಗೆ ಬರಲಿಲ್ಲ. ಪ್ರವೇಶದ ಅರ್ಜಿಗೆಂದು ಮಕ್ಕಳು ಬಂದು ಹೋಗುವ ದಿನಗಳು. ಒಂದು ದಿನ ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಅಂಕೋಲೆಯ ನಿಲ್ದಾಣದಲ್ಲಿ ಹಿಲ್ಲೂರಿನ ಬಸ್ಸು ನಿಲ್ಲುವಲ್ಲಿ, ನಾಲ್ಕಾರು ಹುಡುಗಿಯರ ನಡುವೆ ಇವರು ಛತ್ರಿ ಊರಿಕೊಂಡು ನಿಂತಿದ್ದರು. ಹುಡುಗಿಯರು ಬಾಯಿಗೆ ವೇಲು ಅಡ್ಡ ಹಿಡಿದು ನಗುತ್ತಿದ್ದರು. ನನ್ನ ಮುಖ ನೋಡಲಾರದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಅದರ ಮುಂದಿನ ಸಭೆ. ಎಲ್ಲ ವಿಷಯ ಮುಗಿದು, ಚಹಾ ಬರುವ ಹೊತ್ತಿಗೆ ಮಾಸ್ತರರು ಎದ್ದು ನಿಂತರು.

"ಇತಿಹಾಸದ ವಿಷಯ ಮತ್ತೆ ಚರ್ಚೆಗೆ ತೆಗೀಬೇಕು ಅಂತ ಕೇಳ್ತೆ."

ಪ್ರಾಂಶುಪಾಲರಿಗೆ ಗಾಬರಿ. "ಅದು ತೀರ್ಮಾನ ಆಯ್ತಲ್ಲ ಮಾಸ್ತರೆ."

"ಆಯ್ತು. ಗೆದ್ದ ಕಡೆಯವ ಕೇಳ್ತಾ ಇದ್ದೆ."

ಆಗ ಹಿರಿಯರೊಬ್ಬರಿಗೆ ನೆನಪಾಯಿತು. ನಮ್ಮ ಸಭೆಗೆ ಒಂದು ಹಳೆಯ ನಿಯಮವಿತ್ತು: ಒಮ್ಮೆ ತೀರ್ಮಾನವಾದದ್ದನ್ನು ಆ ವರ್ಷ ಮತ್ತೆ ತರಬೇಕಾದರೆ, ಗೆದ್ದ ಕಡೆ ಕೈ ಎತ್ತಿದವರು ಮಾತ್ರ ತರಬಹುದು. ಸೋತವರು ತರುವ ಹಾಗಿಲ್ಲ. ಸೋತವರು ಅದನ್ನೇ ಹಿಡಿದು ಪ್ರತಿ ಸಭೆಯಲ್ಲೂ ಜಗ್ಗಬಾರದೆಂದು ಹಿಂದಿನವರು ಮಾಡಿಟ್ಟದ್ದು. ಯಾವ ಗೆದ್ದವನೂ ಎದ್ದು ಕೇಳುವ ಪ್ರಸಂಗ ಬಾರದೆ ಎಲ್ಲರೂ ಅದನ್ನು ಮರೆತಿದ್ದರು.

ಮಾಸ್ತರರು ಹೇಳಿದ್ದು ಬಹಳ ಸರಳ. ಇತಿಹಾಸದ ತರಗತಿ ದಿನದ ಕೊನೆಗೆ ಇದೆ. ಹಿಲ್ಲೂರಿನ ಕಡೆಯ ಬಸ್ಸು ಅದಕ್ಕಿಂತ ಮೊದಲೇ ಹೊರಡುತ್ತದೆ. ಮುಂದಿನ ಬಸ್ಸಿಗೆ ಹೋದರೆ ಮಕ್ಕಳು ಇಳಿದು ಕತ್ತಲಲ್ಲಿ ಕಾಡಿನ ದಾರಿ ನಡೆಯಬೇಕು. "ಆ ಮಕ್ಕಳಿಗೆ ಇತಿಹಾಸ ಬ್ಯಾಡ ಅಂತಲ್ಲ. ಬಸ್ಸು ತಪ್ಪೂದು ಬ್ಯಾಡ. ದೊಡ್ಡ ಕೋಣೆ ಬೆಳಿಗ್ಗೆ ನಮ್ಮ ಕೆಮಿಸ್ಟ್ರಿಗೆ ಅದೆ. ಅದನ್ನ ಮೇಡಂ ತಗೊಳ್ಳಲಿ. ಕೊನೆ ಹೊತ್ತು ನಮಗಿರಲಿ. ನಮ್ಮ ಮಕ್ಕಳು ಹ್ಯಾಂಗೂ ಅಂಕೋಲೆ ಪೇಟೆಯವ್ರೇ ಹೆಚ್ಚು."

ಕೈ ಎತ್ತಿಸಿದರು. ಎಲ್ಲರೂ ಎತ್ತಿದರು. ಹಿಂದಿನ ಸಲ ಎತ್ತಿದ ಅದೇ ಕೈಗಳು. ಆ ವರ್ಷ ನನ್ನ ತರಗತಿಯಲ್ಲಿ ಹಿಂದಿನ ಬೆಂಚುಗಳಿಗೂ ಜನ ಬಂದರು. ನಾನು ಘಟ್ಟ ಹತ್ತಲಿಲ್ಲ. ಮಾವನವರು ತೀರಿಕೊಳ್ಳುವಾಗ ಪಕ್ಕದಲ್ಲಿಯೇ ಇದ್ದೆ, ಅವರ ಬಾಯಿಗೆ ನೀರು ಬಿಟ್ಟೆ. ಮಗಳು ಕಾರವಾರದ ಹಬ್ಬುವಾಡದ ಈ ಮನೆಯಲ್ಲಿಯೇ ಬೆಳೆದಳು.

ಭೌತಶಾಸ್ತ್ರದ ಸರ್ ಹೇಳುವುದು ಹೀಗೆ: "ಅವ್ರು ಚದುರಂಗದ ಮನುಷ್ಯ. ಸೋಲೂದು ಖಾತ್ರಿ ಅಂತ ಕಂಡದ್ದೇ ಆಚೆ ಬದಿ ಹೋಗಿ ಕೂತ್ರು, ಬಾಗ್ಲು ಒಳಗಿಂದ ತೆಗೆಯೂಕೆ." ಕಾಲೇಜಿನಲ್ಲಿ ಎಲ್ಲರೂ ನಂಬುವುದು ಇದನ್ನೇ. ನಾನೂ ಕೆಲವು ವರ್ಷ ನಂಬಿದ್ದೆ.

ಅವರು ನಿವೃತ್ತರಾದ ಮೇಲೆ ಒಂದು ಭಾನುವಾರ ಕದ್ವಾಡಕ್ಕೆ ಹೋಗಿದ್ದಾಗ ನೇರವಾಗಿ ಕೇಳಿಬಿಟ್ಟೆ. ಅವರು ಜಗಲಿಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದರು. ಬೆರಳಿನ ಹಳದಿ ಹೋಗಿ ಬರಿಯ ಬಿಳಿಚು ಚರ್ಮ ಇತ್ತು. ಅದನ್ನು ನೋಡಿ ನನಗೆ ಯಾರದೋ ಕೈ ಅನ್ನಿಸಿತು.

"ಆ ದಿನ ನೀವು ಕೈ ಎತ್ತಿದ್ದು ಮತ್ತೆ ತೆಗೆಯೂಕೆ ಅಂತ್ಲೇ ಅಲ್ವಾ ಮಾಸ್ತರೆ?"

"ಯಾರು ಹೇಳಿದ್ರು? ಆ ದಿನ ನಂಗೆ ನಿನ್ನ ವಿಷಯ ಮುಚ್ಚೂದೇ ಸಮ ಅಂತ ಕಂಡಿತ್ತು. ಎರಡು ಬೆಂಚಿಗೆ ಒಂದು ಕೋಣೆ, ಒಂದು ಸಂಬಳ."

"ಮತ್ತೆ ಬೆಳಿಗ್ಗೆ ಬಸ್ಸಲ್ಲಿ, ನಾನಿಲ್ವಾ ಅಂದ್ರಿ."

"ಇದ್ನಲ್ಲ. ಎದುರಿಗೇ ಕೂತಿದ್ದೆ."

"ತಮಾಷೆ ಬೇಡ ಮಾಸ್ತರೆ. ಹೋಗ್ಲಿ, ಆ ನಿಯಮ ನಿಮ್ಗೆ ಆಗ ನೆನಪಿತ್ತಾ ಇಲ್ವಾ?"

ಅವರು ಚಾಕು ಕೆಳಗಿಟ್ಟರು. ನನ್ನನ್ನು ಸತಾಯಿಸುವ ಮುಖವಾಗಿರಲಿಲ್ಲ. "ನೆನಪಿತ್ತು. ಕೈ ಎತ್ತುವಾಗ ನೆನಪಾಯ್ತೋ, ಎತ್ತಿದ ಮೇಲೋ, ಅದು ಹೇಳೂಕೆ ಬರೂದಿಲ್ಲ ಬಾಯಿ" ಎಂದರು. ಆಮೇಲೆ ತೊಂಡೆಕಾಯಿಯ ತಟ್ಟೆಯನ್ನು ನನ್ನತ್ತ ತಳ್ಳಿ, "ನೀನೂ ಸ್ವಲ್ಪ ಹೆಚ್ಚು" ಎಂದರು.

ಈ ವರ್ಷ ಹೋಳಿ ಕಳೆದ ಮೇಲೆ ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾಕ್ಕೆ ಏಳಲಿಲ್ಲ. ನಾನು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿಕೊಂಡರು. ಆ ಸಭೆಯ ಕತೆ ಅವರಿಗೂ ಗೊತ್ತಿತ್ತು. "ಮನೇಲೂ ಹಾಂಗೇ ಇತ್ತು ಬಾಯಿ. ಬೆಳಿಗ್ಗೆ ಬಂಗಡೆ ಬ್ಯಾಡ ಅಂತ್ರು. ನಾ ಸುಮ್ಮನೆ ತಗೊಳ್ತಿದ್ದೆ. ಮಧ್ಯಾಹ್ನ ಎಲ್ಲರಿಗಿಂತ ಹೆಚ್ಚು ಇವ್ರಿಗೇ ಬೇಕು. ಕೇಳಿದ್ರೆ, ಬೆಳಿಗ್ಗೆ ಬ್ಯಾಡಾಗಿತ್ತು ಅಂತ್ರು. ಸುಳ್ಳು ಹೇಳೂ ಮನುಷ್ಯ ಅಲ್ಲ." ಅಳುತ್ತಲೇ ಅವರು ನಕ್ಕರು. ನಿನ್ನೆ ಯಾರದೋ ಕೈಯಲ್ಲಿ ಹಣ್ಣು ಕಳಿಸಿದವರೂ ಅವರೇ.

ಇವತ್ತಿನ ಸಭೆಗೆ ಬಂದದ್ದು ಮತ್ತೆ ಅಂಥದೇ ಸುತ್ತೋಲೆ. ಈ ಸಲ ಮುಚ್ಚಬೇಕೆಂದು ಬಂದದ್ದು ರಸಾಯನಶಾಸ್ತ್ರ. ಕೆಲವು ವರ್ಷಗಳಿಂದ ಅಲ್ಲಿ ಮಕ್ಕಳು ಇಳಿಯುತ್ತಲೇ ಇದ್ದಾರೆ. ಎಲ್ಲರೂ ಕಂಪ್ಯೂಟರ್ ಕಡೆ ಹೋದರು ಎಂದು ನಾವು ಹೇಳಿಕೊಳ್ಳುತ್ತೇವೆ. ಅದು ಇದ್ದೀತು. ಆದರೆ ರಸಾಯನಶಾಸ್ತ್ರದ ತರಗತಿ ಈಗಲೂ ದಿನದ ಕೊನೆಯ ಹೊತ್ತಿಗೇ ಇದೆ, ಮಾಸ್ತರರು ಇಟ್ಟುಹೋದಲ್ಲಿಯೇ. ಬೆಳಗಿನ ದೊಡ್ಡ ಕೋಣೆಯಲ್ಲಿ ನಾನಿದ್ದೇನೆ. ಅಂಕೋಲೆ ಪೇಟೆಯ ಮಕ್ಕಳು ಈಗ ಬೇರೆ ಊರುಗಳ ಕಾಲೇಜಿಗೆ ಹೋಗುತ್ತಾರೆ. ನಮ್ಮಲ್ಲಿ ವಿಜ್ಞಾನಕ್ಕೆ ಬರುವವರೂ ಹಿಲ್ಲೂರಿನಂಥ ಕಡೆಯಿಂದ ಬಸ್ಸಿಗೆ ಬರುವವರೇ. ಇಷ್ಟು ವರ್ಷ ಇದು ನನ್ನ ಕಣ್ಣೆದುರಿಗೇ ಇತ್ತು. ಹೊಳೆದದ್ದು ಇವತ್ತು ಬೆಳಿಗ್ಗೆ, ಬಸ್ಸಿನಲ್ಲಿ.

ಹೊಳೆಯುವಂತೆ ಮಾಡಿದವಳು ರಸಾಯನಶಾಸ್ತ್ರಕ್ಕೆ ಹೊಸದಾಗಿ ಬಂದಿರುವ ಹುಡುಗಿ. ಅವಳೂ ಕಾರವಾರದಿಂದ ಬರುತ್ತಾಳೆ. ಮನೆಯಲ್ಲಿ ಆರು ತಿಂಗಳ ಕೂಸು. ಪಕ್ಕದಲ್ಲಿ ಕೂತು, "ಮೇಡಂ, ನಮ್ಮ ಮಕ್ಕಳು ಕೊನೆ ಕ್ಲಾಸಲ್ಲಿ ಬರೀ ಗಡಿಯಾರ ನೋಡ್ತಾರೆ. ಬಸ್ಸಿದ್ದು ಚಿಂತೆ ಅವ್ರಿಗೆ" ಎಂದಳು. ಆಮೇಲೆ, "ಇವತ್ತು ನೀವು ನಮ್ಮ ಕಡೆ ಅಲ್ದಾ?" ಎಂದು ಕೇಳಿದಳು.

"ಹೆದರ್ಬೇಡ" ಎಂದೆ. ಅಷ್ಟೇ ಅಂದೆ.

ಸಭೆಯಲ್ಲಿ ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಸೋಲುವುದು ಸ್ಪಷ್ಟವಿತ್ತು. ಕೋಣೆ ಬದಲಿಸೋಣ ಎಂದು ಆಗಲೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರದೂ ಆದ ಮೇಲೆ ನೋಡಿದರೆ ನನ್ನ ಕೈಯೂ ಮೇಲಿತ್ತು.

ಬಸ್ಸಿನಲ್ಲಿ ಬರುವಾಗ ಕೇಳಿಕೊಂಡೆ, ಮನೆಗೆ ಬಂದು ಕಾಯಿ ತುರಿಯುವಾಗಲೂ ಕೇಳಿಕೊಂಡೆ. ಮುಂದಿನ ಸಭೆಯಲ್ಲಿ ಗೆದ್ದ ಕಡೆಯವಳಾಗಿ ಎದ್ದು ನಿಲ್ಲಬೇಕೆಂದು ಎತ್ತಿದೆನೋ, ನಿವೃತ್ತಿಗೆ ಉಳಿದ ಈ ಕೆಲವು ವರ್ಷ ಬೆಳಗಿನ ಕೋಣೆ ನನಗೇ ಇರಲಿ ಎಂದು ಎತ್ತಿದೆನೋ. ಒಮ್ಮೆ ಅದು ಹೌದು ಅನ್ನಿಸುತ್ತದೆ, ಒಮ್ಮೆ ಇದು. ಮಾಸ್ತರರನ್ನು ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೂ ತೊಂಡೆಕಾಯಿ ಹೆಚ್ಚಲು ಕೊಡುತ್ತಿದ್ದರು.

ಸಭೆ ಮುಗಿದ ಮೇಲೆ ಹಣ್ಣಿನ ಚೀಲ ಹಿಡಿದು ಆ ಹುಡುಗಿಯನ್ನು ಹುಡುಕಿದೆ. ಅವಳು ಮೊದಲಿನ ಬಸ್ಸಿಗೇ ಹೋಗಿಬಿಟ್ಟಿದ್ದಳು. ಚೀಲ ವಾಪಸ್ಸು ಬಂತು. ಅದನ್ನು ಹಾಗೆಯೇ ಬಾಗಿಲ ಹತ್ತಿರ, ನಾಳೆ ಕಾಲಿಗೆ ತೊಡರುವಲ್ಲಿ ಇಟ್ಟಿದ್ದೇನೆ. ನಾಳೆ ಹಿಲ್ಲೂರಿನ ಬಸ್ಸು ನಿಲ್ಲುವಲ್ಲಿಗೂ ಹೋಗಬೇಕು. ಕೈ ಯಾಕೆ ಎತ್ತಿದೆ ಎಂಬುದು ತಿಳಿಯುವವರೆಗೆ ಕಾಯುತ್ತ ಕೂತರೆ ಮುಂದಿನ ಸಭೆ ಮುಗಿದುಹೋಗುತ್ತದೆ. ಎದ್ದು ನಿಲ್ಲುವುದಕ್ಕೆ ಅದು ಗೊತ್ತಿರಬೇಕೆಂದೇನೂ ಇಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಗೊತ್ತಿದ್ದರೆ ಸಾಕು.

ಅತ್ತೆ ಕೂತಲ್ಲಿಂದಲೇ ಹೇಳುತ್ತ ಹೋದರು, ನಾನು ಮನೆಯಲ್ಲಿ ಉಳಿದಿದ್ದ ಹಣ್ಣಿನ ಸಾಸಿವೆ ಮಾಡಿದೆ. ಅನ್ನ, ಸಾಸಿವೆ, ಸುಟ್ಟ ಹಪ್ಪಳ. ಇವರು, ಮೀನಿಲ್ಲವೇ ಎಂದು ಕೇಳಿ ತಟ್ಟೆ ಎಳೆದುಕೊಂಡರು. ನಾನು ಎರಡು ಸಲ ಹಾಕಿಕೊಂಡು, ಗೊರಟು ಚೀಪಿ ತಟ್ಟೆಯ ಬದಿಗೆ ಸಾಲಾಗಿ ಇಟ್ಟೆ. ಅರಿಸಿನಕ್ಕೋ ಹಣ್ಣಿನ ರಸಕ್ಕೋ, ಎರಡು ಬೆರಳ ತುದಿ ಹಳದಿಯಾಗಿತ್ತು; ತೊಳೆದರೂ ಪೂರ್ತಿ ಹೋಗಲಿಲ್ಲ. ಅತ್ತೆ ಮೊದಲು ಮಲಗಿದರು.